ನ್ಯಾಯವು ಮುಯ್ಯಿಯಲ್ಲ



ಕಳೆದ ಬೇಸಿಗೆಯಲ್ಲಿ ನಾವು ಧಾರವಾಡದ ಪರಿಚಿತರೊಬ್ಬರ ಮನೆಯಲ್ಲಿ ಒಂದು ವಾರ ತಂಗಿದ್ದೆವು. ಅಮೆರಿಕದಲ್ಲಿ ಉದ್ಯೋಗದಲ್ಲಿರುವ ಅವರ ಚಿರಂಜೀವಿಯು ರಜೆಗೆ ಬಂದಿದ್ದನು. ಒಂದು ಸಂಜೆ ಆತನು, “ಶಾಸ್ತ್ರಿಗಳೇ, ಇದನ್ನ ನೀವು ನೋಡಬೇಕ್ರಿ” ಎಂದು ಒಂದು ಸಾಕ್ಷ್ಯಚಿತ್ರವನ್ನು ಹಚ್ಚಿದನು. ಅದರ ಹೆಸರು ‘ಓ.ಜೆ.: ಮೇಡ್ ಇನ್ ಅಮೆರಿಕಾ’. ಎಜ್ರಾ ಎಡೆಲ್‌ಮನ್ ಎಂಬುವರು ನಿರ್ದೇಶಿಸಿ 2016ರಲ್ಲಿ ತೆರೆಗೆ ತಂದ ಈ ಚಿತ್ರಕ್ಕೆ ಮರುವರ್ಷ ಆಸ್ಕರ್ ಪ್ರಶಸ್ತಿ ದೊರೆಯಿತು. ಐದು ಭಾಗಗಳು, ಒಟ್ಟು ಏಳೂಮುಕ್ಕಾಲು ಗಂಟೆಗಳ ಅವಧಿ. ಮನೆಮಂದಿಯೊಡನೆ ಐದು ಸಂಜೆ ಕುಳಿತು ನಾವು ಅದನ್ನು ಪೂರ್ತಿಯಾಗಿ ನೋಡಿದೆವು. ಆ ದೇಶದ ಕಥೆ ನಮ್ಮ ಪುಟಕ್ಕೇಕೆ ಎಂದು ಕೇಳುವವರಿಗೆ ಉತ್ತರವು ಈ ಲೇಖನದ ಕೊನೆಯಲ್ಲಿದೆ.

ಓ.ಜೆ. ಸಿಂಪ್ಸನ್ 1947ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದ ಬಡ ಕಪ್ಪು ಕುಟುಂಬವೊಂದರಲ್ಲಿ ಜನಿಸಿದವನು. ಅಮೆರಿಕನ್ನರು ಫುಟ್‌ಬಾಲ್ ಎಂದು ಕರೆಯುವ ಆಟವು ನಾವು ಬಲ್ಲ ಕಾಲ್ಚೆಂಡಿನಾಟವಲ್ಲ. ಅಲ್ಲಿ ಚೆಂಡನ್ನು ತೋಳಿನಲ್ಲಿ ಅವುಚಿಕೊಂಡು, ಎದುರಾಳಿಗಳ ಕೋಟೆಯನ್ನು ಭೇದಿಸಿ ಓಡಬೇಕು. ಆ ಓಟದಲ್ಲಿ ಸಿಂಪ್ಸನ್ನನಿಗೆ ಸರಿಸಾಟಿಯಿರಲಿಲ್ಲ. 1968ರಲ್ಲಿ ಕಾಲೇಜು ಆಟಗಾರರಿಗೆ ಸಲ್ಲುವ ಅತ್ಯುನ್ನತ ಗೌರವವಾದ ಹೈಸ್‌ಮನ್ ಟ್ರೋಫಿ ಅವನದಾಯಿತು. 1973ರಲ್ಲಿ ಕೇವಲ 14 ಪಂದ್ಯಗಳಲ್ಲಿ 2003 ಗಜಗಳನ್ನು ಓಡಿ, ಒಂದೇ ಋತುವಿನಲ್ಲಿ 2000 ಗಜಗಳ ಗಡಿಯನ್ನು ದಾಟಿದ ಮೊದಲಿಗನೆನಿಸಿದನು. ಮುಂದೆ ಜಾಹೀರಾತುಗಳು, ಚಲನಚಿತ್ರಗಳು, ಶ್ರೀಮಂತ ಬಿಳಿಯರ ಸಹವಾಸ ಎಲ್ಲವೂ ಒದಗಿಬಂದವು.

ಅದೇ 1968ರಲ್ಲಿ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಟಾಮಿ ಸ್ಮಿತ್ ಮತ್ತು ಜಾನ್ ಕಾರ್ಲೋಸ್ ಎಂಬ ಕಪ್ಪು ಓಟಗಾರರು ಪದಕ ಧರಿಸಿ ನಿಂತು, ತಮ್ಮವರ ಮೇಲಿನ ಅನ್ಯಾಯವನ್ನು ಖಂಡಿಸಿ ಮುಷ್ಟಿಯೆತ್ತಿದರು. ಅದಕ್ಕಾಗಿ ಕ್ರೀಡಾಕೂಟದಿಂದಲೇ ಹೊರಗೆ ಕಳುಹಿಸಲ್ಪಟ್ಟರು. ಸಿಂಪ್ಸನ್ ಇಂಥ ಹೋರಾಟಗಳಿಂದ ದೂರವೇ ಉಳಿದನು. ತಾನು ಕಪ್ಪು ಮನುಷ್ಯನೆಂದಲ್ಲ, ಕೇವಲ ಓ.ಜೆ. ಎಂದು ಗುರುತಿಸಲ್ಪಡಬೇಕೆಂಬುದು ಅವನ ಹಂಬಲವಾಗಿತ್ತು.

ಆದರೆ ಅವನು ನೆಲೆಸಿದ ಲಾಸ್ ಏಂಜಲೀಸ್ ನಗರದಲ್ಲಿ ಬಣ್ಣವನ್ನು ಮರೆಯುವ ಭಾಗ್ಯ ಉಳಿದ ಕಪ್ಪು ಜನರಿಗಿರಲಿಲ್ಲ. 1965ರಲ್ಲಿ ಅಲ್ಲಿನ ವಾಟ್ಸ್ ಬಡಾವಣೆ ಹೊತ್ತಿ ಉರಿದಾಗ 34 ಜನರು ಮಡಿದಿದ್ದರು. 1991ರ ಮಾರ್ಚಿಯಲ್ಲಿ ರಾಡ್ನಿ ಕಿಂಗ್ ಎಂಬ ಕಪ್ಪು ವ್ಯಕ್ತಿಯನ್ನು ಪೊಲೀಸರು ನೆಲಕ್ಕೆ ಕೆಡವಿ ಲಾಠಿಗಳಿಂದ ಬಡಿದುದನ್ನು ದಾರಿಯಾಚೆಯ ನಿವಾಸಿಯೊಬ್ಬನು ವಿಡಿಯೋದಲ್ಲಿ ಸೆರೆಹಿಡಿದನು. ಜಗತ್ತೇ ಕಣ್ಣಾರೆ ಕಂಡ ಆ ಕೃತ್ಯದ ವಿಚಾರಣೆಯಲ್ಲಿ, 1992ರ ಏಪ್ರಿಲ್ 29ರಂದು, ನಾಲ್ವರು ಪೊಲೀಸರಲ್ಲಿ ಒಬ್ಬನೂ ಅಪರಾಧಿಯೆನಿಸಲಿಲ್ಲ. ನಗರ ಮತ್ತೆ ಹೊತ್ತಿಕೊಂಡಿತು. 50ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ ಕೇಂದ್ರ ನ್ಯಾಯಾಲಯವು ಆ ನಾಲ್ವರಲ್ಲಿ ಇಬ್ಬರಿಗೆ ಸೆರೆವಾಸ ವಿಧಿಸಿತಾದರೂ ಗಾಯ ಮಾಯಲಿಲ್ಲ. ಕಿಂಗ್ ಪ್ರಕರಣ ನಡೆದ ಎರಡೇ ವಾರಗಳಲ್ಲಿ, ಲತಾಷಾ ಹಾರ್ಲಿನ್ಸ್ ಎಂಬ 15 ವರ್ಷದ ಕಪ್ಪು ಬಾಲಕಿ ಎರಡು ಡಾಲರಿಗೂ ಕಡಿಮೆ ಬೆಲೆಯ ಕಿತ್ತಳೆ ರಸದ ಬಾಟಲಿಗಾಗಿ ಅಂಗಡಿಯವಳ ಗುಂಡಿಗೆ ಬಲಿಯಾದಳು. ಕೊಡಬೇಕಾದ ಹಣ ಹುಡುಗಿಯ ಕೈಯಲ್ಲೇ ಇತ್ತು. ಜ್ಯೂರಿಯು ಅಂಗಡಿಯವಳನ್ನು ಅಪರಾಧಿಯೆಂದರೂ ನ್ಯಾಯಾಧೀಶರು ಸೆರೆವಾಸ ವಿಧಿಸಲಿಲ್ಲ.

ಇಂಥ ನಗರದಲ್ಲಿ 1994ರ ಜೂನ್ 12ರ ರಾತ್ರಿ ಸಿಂಪ್ಸನ್ನನ ವಿಚ್ಛೇದಿತ ಪತ್ನಿ, ಬಿಳಿಯ ಹೆಣ್ಣುಮಗಳು ನಿಕೋಲ್ ಬ್ರೌನ್, ತನ್ನ ಮನೆಯ ಬಾಗಿಲಲ್ಲೇ ಇರಿತಕ್ಕೊಳಗಾಗಿ ಸತ್ತಳು. ಅವಳ ಜೊತೆಗೆ ರೊನಾಲ್ಡ್ ಗೋಲ್ಡ್‌ಮನ್ ಎಂಬ 25 ವರ್ಷದ ತರುಣನೂ ಸತ್ತನು. ನಿಕೋಲಳ ತಾಯಿ ಹೋಟೆಲಿನಲ್ಲಿ ಮರೆತಿದ್ದ ಕನ್ನಡಕವನ್ನು ಹಿಂದಿರುಗಿಸಲು ಬಂದಿದ್ದ ಪಾಪದ ಹುಡುಗ ಅವನು. ಐದು ದಿನಗಳ ತರುವಾಯ ಹೆದ್ದಾರಿಯಲ್ಲಿ ಸಿಂಪ್ಸನ್ ಕುಳಿತಿದ್ದ ಬಿಳಿಯ ಕಾರು ಮುಂದೆ, ಪೊಲೀಸರ ಸಾಲು ಹಿಂದೆ ಸಾಗಿದ ದೃಶ್ಯವನ್ನು ಕೋಟ್ಯಂತರ ಜನರು ದೂರದರ್ಶನದಲ್ಲಿ ನೋಡಿದರು.

ನಮ್ಮ ದೇಶದಲ್ಲಿ ಕೊಲೆಯ ಪ್ರಕರಣವನ್ನು ನ್ಯಾಯಾಧೀಶರು ನಿರ್ಣಯಿಸುತ್ತಾರೆ. ಅಲ್ಲಿ 12 ಜನ ಸಾಮಾನ್ಯ ನಾಗರಿಕರ ಜ್ಯೂರಿಯು ನಿರ್ಣಯಿಸುತ್ತದೆ. ಆ ಹನ್ನೆರಡರಲ್ಲಿ ಒಂಬತ್ತು ಜನ ಕಪ್ಪು ಜನಾಂಗದವರಿದ್ದರು. ಸಿಂಪ್ಸನ್ನನ ಮನೆಯಲ್ಲಿ ರಕ್ತಸಿಕ್ತ ಕೈಗವಸನ್ನು ಕಂಡುಹಿಡಿದ ಪೊಲೀಸ್ ಅಧಿಕಾರಿಯು, ಕಪ್ಪು ಜನರನ್ನು ಹೀನಾಯವಾಗಿ ನಿಂದಿಸುವ ಶಬ್ದವನ್ನು ಹತ್ತು ವರ್ಷಗಳಿಂದ ತಾನು ಬಳಸಿಯೇ ಇಲ್ಲವೆಂದು ಪ್ರಮಾಣಪೂರ್ವಕ ನುಡಿದನು. ಅದು ಸುಳ್ಳೆಂದು ಧ್ವನಿಮುದ್ರಿಕೆಗಳು ಸಾರಿದವು. ಮೊಕದ್ದಮೆಯು ಒಬ್ಬ ಆಟಗಾರನದಾಗಿ ಉಳಿಯದೆ, ಆ ಪೊಲೀಸ್ ಇಲಾಖೆಯ ಇಡೀ ಚರಿತ್ರೆಯದಾಗಿ ಮಾರ್ಪಟ್ಟಿತು.

ಚಿತ್ರದಲ್ಲಿ ಒಂದು ಪ್ರಸಂಗವಿದೆ. ಜ್ಯೂರಿಯವರು ಸಿಂಪ್ಸನ್ನನ ಮನೆಯನ್ನು ನೋಡಲು ಬರುವ ಮುನ್ನ ಅವನ ವಕೀಲರು ಗೋಡೆಯ ಮೇಲಿದ್ದ ಬಿಳಿಯ ಗೆಳೆಯರ ಚಿತ್ರಗಳನ್ನು ಇಳಿಸಿ, ಕಪ್ಪು ಜನರ ಚಿತ್ರಗಳನ್ನು ತೂಗುಹಾಕಿದರಂತೆ. ವಕೀಲರಲ್ಲೊಬ್ಬರು ಇದನ್ನು ನಗುತ್ತಲೇ ಹೇಳುತ್ತಾರೆ. ತನ್ನವರ ಕಷ್ಟದಲ್ಲಿ ಪಾಲುಗೊಳ್ಳದವನು, ತನ್ನ ಕಷ್ಟಕಾಲದಲ್ಲಿ ಅವರ ಕಣ್ಣೀರನ್ನು ಕಡ ತಂದನು!

1995ರ ಅಕ್ಟೋಬರ್ 3ರಂದು ಅವನು ನಿರ್ದೋಷಿಯೆಂದು ತೀರ್ಪು ಬಂದಿತು. ಒಂದೆಡೆ ಕಪ್ಪು ಜನರು ಹಾಡಿ ಕುಣಿದರು; ಇನ್ನೊಂದೆಡೆ ಬಿಳಿಯರು ದಿಗ್ಭ್ರಾಂತರಾದರು. ಅದು ರಾಡ್ನಿ ಕಿಂಗ್‌ನಿಗೆ ಸಲ್ಲಿಸಿದ ಪ್ರತೀಕಾರವೆಂಬ ಭಾವ ತಮ್ಮಲ್ಲಿ ಬಹುಪಾಲು ಜನರಿಗಿತ್ತೆಂದು ಜ್ಯೂರಿಯ ಒಬ್ಬ ಸದಸ್ಯೆ ಚಿತ್ರದಲ್ಲಿ ಒಪ್ಪಿಕೊಳ್ಳುತ್ತಾರೆ. ಇನ್ನೊಬ್ಬ ಸದಸ್ಯೆ ಅದನ್ನು ಅಲ್ಲಗಳೆದು, ಸಾಕ್ಷ್ಯಗಳ ಕೊರತೆಯೇ ಕಾರಣವೆನ್ನುತ್ತಾರೆ.

ಮೊದಲನೆಯ ಸದಸ್ಯೆಯ ಮಾತು ನಮ್ಮನ್ನು ಬಹುಕಾಲ ಚಿಂತೆಗೆ ಹಚ್ಚಿತು. ನಮ್ಮ ಮದುವೆ ಮುಂಜಿಗಳಲ್ಲಿ ಮುಯ್ಯಿ ಮಾಡುವ ಪದ್ಧತಿಯನ್ನು ಎಲ್ಲರೂ ಬಲ್ಲಿರಿ. ಮುಯ್ಯಿ ಬಂದ ಮನೆಗೇ ಮುಯ್ಯಿಯು ಹಿಂದಿರುಗುತ್ತದೆ. ಆದರೆ ಇಲ್ಲಿ? ಕಿಂಗ್‌ನನ್ನು ಬಡಿದವಳು ನಿಕೋಲಳಲ್ಲ. ಲತಾಷಾಳಿಗೆ ಗುಂಡಿಕ್ಕಿದವನು ಗೋಲ್ಡ್‌ಮನ್ನನಲ್ಲ. ತೀರ್ಪಿನಿಂದ ಕಿಂಗ್‌ನ ಒಂದು ಗಾಯವೂ ಮಾಯಲಿಲ್ಲ. ಶತಮಾನಗಳ ಅನ್ಯಾಯವನ್ನುಂಡ ಜನರ ಸಂಭ್ರಮವನ್ನು ಹಳಿಯಲು ನಮಗೆ ಬಾಯಿ ಬಾರದು. ಅವರ ಪಾಲಿಗೆ ನ್ಯಾಯಾಲಯದಿಂದ ಹೊರಬಂದ ಅಪರೂಪದ ಜಯವದು. ತಪ್ಪು ಮೊದಲು, ಕಂಡ ಸತ್ಯಕ್ಕೆ ಕುರುಡಾದ ತೀರ್ಪಿನದು. ಒಬ್ಬರಿಗೆ ನಿರಾಕರಿಸಿದ ನ್ಯಾಯವು ಅಲ್ಲಿಗೇ ಮುಗಿಯುವುದಿಲ್ಲ. ಅದರ ಬಡ್ಡಿಯನ್ನು ಮತ್ತಾರೋ ನಿರಪರಾಧಿಗಳು ತೆರಬೇಕಾಗುತ್ತದೆ.

ಮುಂದಿನದು ಪತನದ ಕಥೆ. 1997ರಲ್ಲಿ ಸಿವಿಲ್ ನ್ಯಾಯಾಲಯದ ಜ್ಯೂರಿಯು ಆ ಎರಡು ಸಾವುಗಳಿಗೆ ಸಿಂಪ್ಸನ್ನನೇ ಹೊಣೆಯೆಂದು ನಿರ್ಣಯಿಸಿ, ಒಟ್ಟು 3 ಕೋಟಿ 35 ಲಕ್ಷ ಡಾಲರುಗಳ ಪರಿಹಾರ ವಿಧಿಸಿತು. 2007ರಲ್ಲಿ ಲಾಸ್ ವೇಗಸ್‌ನ ಹೋಟೆಲೊಂದರಲ್ಲಿ ತನ್ನ ಹಳೆಯ ಸ್ಮರಣಿಕೆಗಳನ್ನು ಬಲಾತ್ಕಾರದಿಂದ ಕಿತ್ತುಕೊಳ್ಳಹೋಗಿ ಸಿಕ್ಕಿಬಿದ್ದನು. ಮೊದಲ ತೀರ್ಪಿಗೆ ಸರಿಯಾಗಿ 13 ವರ್ಷ ತುಂಬಿದ ದಿನ, 2008ರ ಅಕ್ಟೋಬರ್ 3ರಂದೇ, ಅಪರಾಧಿಯೆನಿಸಿದನು. ಒಂಬತ್ತು ವರ್ಷ ಸೆರೆಯಲ್ಲಿದ್ದು 2017ರಲ್ಲಿ ಹೊರಬಂದನು. 2024ರ ಏಪ್ರಿಲ್‌ನಲ್ಲಿ ತೀರಿಕೊಂಡನು.

ಐದನೆಯ ಸಂಜೆ ಚಿತ್ರ ಮುಗಿದಾಗ ಮನೆಯ ಯಜಮಾನಿತಿ, “ಶಾಸ್ತ್ರಿಗಳೇ, ಆಕಿ ಅಷ್ಟು ಸಲ ಪೊಲೀಸರನ್ನ ಕರದಿದ್ಲಲ್ರೀ, ಒಬ್ಬರಾದ್ರೂ ಆಕಿ ಮಾತು ಕೇಳಬಾರದಿತ್ತೇನ್ರೀ?” ಎಂದರು. ನಾವು ನಿರುತ್ತರರಾದೆವು. 1989ರ ಹೊಸ ವರ್ಷದ ಮುಂಜಾವಿನಲ್ಲಿ ಪೆಟ್ಟು ತಿಂದು ಓಡಿಬಂದ ನಿಕೋಲ್, ಹಿಂದೆ ಎಂಟು ಸಲ ಬಂದರೂ ಏನೂ ಮಾಡಲಿಲ್ಲವೆಂದು ಪೊಲೀಸರೆದುರು ಅಲವತ್ತುಕೊಂಡಿದ್ದಳು. ಆ ಸಲವೂ ಗಂಡನಿಗೆ ಸೆರೆವಾಸವಾಗಲಿಲ್ಲ. ದಂಡ, ಸಮಾಜಸೇವೆಗಳಲ್ಲೇ ಮುಗಿಯಿತು. ಅವನು ಎಲ್ಲರ ಕಣ್ಮಣಿಯಲ್ಲವೇ! ಬಣ್ಣ ಬಣ್ಣಗಳ ಆ ಮಹಾವ್ಯಾಜ್ಯದಲ್ಲಿ ಅವಳ ಕೂಗು ಎರಡನೆಯ ಸಲ ಅಡಗಿಹೋಯಿತು.

ನಾವು ನಿರುತ್ತರರಾಗಲು ಇನ್ನೊಂದು ಕಾರಣವಿತ್ತು. ಅನೇಕ ವರ್ಷಗಳ ಹಿಂದೆ ಸದ್ಗೃಹಸ್ಥರೊಬ್ಬರ ಸೊಸೆ ನಮ್ಮ ಮುಂದೆ ಬಂದು ಕಣ್ಣೀರಿಟ್ಟಿದ್ದಳು; ತೋಳಿನ ಮೇಲೆ ಬಾಸುಂಡೆಗಳಿದ್ದವು. ಅವಳ ಗಂಡನು ಊರಿಗೆ ಬೇಕಾದವನು, ದಾನಧರ್ಮಗಳಲ್ಲಿ ಮುಂದು. “ತಾಳಿಕೊಂಡು ಹೋಗು, ತಾಯಿ” ಎಂದು ಹೇಳಿ ಕಳಿಸಿದೆವು. ಆಕೆ ಇಂದಿಗೂ ಬದುಕಿದ್ದಾಳೆಂಬುದು ದೈವಕೃಪೆ. ಅದರಲ್ಲಿ ನಮ್ಮ ಪಾಲೇನೂ ಇಲ್ಲ.

ಬಂಧುಗಳೇ, ದೂರದ ದೇಶದ ಕಥೆಯನ್ನು ಈ ಪುಟದಲ್ಲಿ ಬರೆದುದು ಇದಕ್ಕಾಗಿ. ನಿಮ್ಮ ಮನೆಯ ಮಗಳಾಗಲಿ ಸೊಸೆಯಾಗಲಿ ಬಾಗಿಲಿಗೆ ಬಂದು ನಿಂತರೆ, ಅವಳ ಗಂಡನ ಕೀರ್ತಿಯನ್ನೂ ಮನೆತನದ ಮರ್ಯಾದೆಯನ್ನೂ ಬದಿಗಿಟ್ಟು, ಮೊದಲ ಸಲಕ್ಕೇ ಅವಳ ಮಾತನ್ನು ಕೇಳಿರಿ. ನಾವು ಅಂದು ಮಾಡದೆ ಹೋದುದನ್ನು ನೀವು ಮಾಡಿರೆಂದು ಬಿನ್ನವಿಸಿ ವಿರಮಿಸುತ್ತೇವೆ.