ಅಭಿಮಾನಿಯ ಕೈಯಲ್ಲಿ ಅಳತೆ ಟೇಪು

2012ರ ಅಕ್ಟೋಬರ್‌ನಲ್ಲಿ ಅಮೆರಿಕದ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ ಹುಡುಗನೊಬ್ಬ ಟ್ವಿಟ್ಟರ್‌ನಲ್ಲಿ ಒಂದು ಮಾತು ಬರೆದ. ನಾವು ಇಲ್ಲಿಗೆ ಬಂದದ್ದು ಆಟವಾಡಲಿಕ್ಕೆ, ನಮಗೇಕೆ ಈ ತರಗತಿಗಳ ಗೋಳು ಎಂಬುದು ಅದರ ತಾತ್ಪರ್ಯ. ಹುಡುಗನ ಹೆಸರು ಕಾರ್ಡೇಲ್ ಜೋನ್ಸ್. ಇಪ್ಪತ್ತು ತುಂಬಿ ಇನ್ನೂ ಒಂದು ವಾರವಾಗಿತ್ತಷ್ಟೆ. ಬರೆದದ್ದನ್ನು ಅವನು ಅಳಿಸಿದರೂ ಜನ ಬಿಡಲಿಲ್ಲ. ದಡ್ಡ, ದುರಹಂಕಾರಿ ಎಂದು ಊರೆಲ್ಲ ಆಡಿಕೊಂಡಿತು.

ಮಾತು ಒರಟಾಗಿತ್ತು, ನಿಜ. ಆದರೆ ಅದರೊಳಗೆ ಒಂದು ಸತ್ಯವೂ ಇತ್ತು. ಲಕ್ಷಕ್ಕೂ ಹೆಚ್ಚು ಜನ ಕೂರುವ ಕ್ರೀಡಾಂಗಣ, ಟಿಕೆಟ್ಟು ಮತ್ತು ಟಿ.ವಿ.ಯಿಂದ ಹರಿದು ಬರುವ ಕೋಟಿಗಟ್ಟಲೆ ಡಾಲರ್. ಮೈಮುರಿದು ಆಡುವ ಹುಡುಗನಿಗೆ ಮಾತ್ರ ಆಗ ವಿದ್ಯಾರ್ಥಿವೇತನ ಬಿಟ್ಟರೆ ಸಂಬಳವಿರಲಿಲ್ಲ. ಅಲ್ಲಿನ ಕಾಲೇಜು ಆಟಗಾರರಿಗೆ ತಮ್ಮ ಹೆಸರಿನಿಂದ ನಾಲ್ಕು ಕಾಸು ಗಳಿಸಲು ಅನುಮತಿ ಸಿಕ್ಕಿದ್ದೇ 2021ರಲ್ಲಿ. ಕಾಲೇಜುಗಳೇ ನೇರವಾಗಿ ಹಣ ಕೊಡಬಹುದೆಂದಾದದ್ದು 2025ರಲ್ಲಿ. ಆ ಅನ್ಯಾಯ ಕಣ್ಣಿಗೆ ಬೀಳದವರಿಗೆ ಹುಡುಗನ ಒಂದು ಸಾಲು ಬಿತ್ತು. 2015ರ ಜನವರಿಯಲ್ಲಿ ಅದೇ ಜೋನ್ಸ್ ತಂಡಕ್ಕೆ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟಾಗ ಜೈಕಾರ ಮುಗಿಲು ಮುಟ್ಟಿತು. 2017ರಲ್ಲಿ ಅವನು ಪದವಿಯನ್ನೂ ಪಡೆದ. ಹುಡುಗನೇನೋ ತಿದ್ದಿಕೊಂಡ, ಅಭಿಮಾನಿ ತಿದ್ದಿಕೊಂಡನೇ?

ಅಮೆರಿಕದ ಕತೆ ನಮಗೇಕೆ ಎಂದು ಕೇಳಬೇಡಿ. ಕಾಲೇಜಿನ ಹುಡುಗನಿರಲಿ, ದೇಶಕ್ಕಾಗಿ ಆಡುವವನಿರಲಿ, ಅಭಿಮಾನಿ ಮಾಲೀಕನಾಗುವ ರೀತಿ ಎಲ್ಲೆಡೆ ಒಂದೇ. 2016ರ ಡಿಸೆಂಬರ್‌ನಲ್ಲಿ ಮುಹಮ್ಮದ್ ಶಮಿ ತನ್ನ ಪತ್ನಿಯೊಂದಿಗಿದ್ದ ಫೋಟೋವನ್ನು ಫೇಸ್‌ಬುಕ್‌ಗೆ ಹಾಕಿದರು. ಆಕೆ ತೋಳಿಲ್ಲದ ಉಡುಪು ಧರಿಸಿದ್ದರು. ಅದರ ಕೆಳಗೆ ಬಂದು ಬಿದ್ದ ಬೈಗುಳಗಳನ್ನು ಬರೆದವರು ಯಾರು? ಶಮಿಯ ಬೌಲಿಂಗಿಗೆ ‘ಮಾಶಾ ಅಲ್ಲಾಹ್’ ಎನ್ನುತ್ತಿದ್ದ ನಮ್ಮವರೇ. ಶಮಿಯ ಪರವಾಗಿ ಮಾತಾಡಿದ ಮುಹಮ್ಮದ್ ಕೈಫ್ ಕೆಲವೇ ದಿನಗಳಲ್ಲಿ ತಾವು ಸೂರ್ಯನಮಸ್ಕಾರ ಮಾಡುವ ಚಿತ್ರ ಹಾಕಿ ತಾವೂ ಬೈಸಿಕೊಂಡರು. ಕಸರತ್ತಿಗೂ ಧರ್ಮಕ್ಕೂ ಸಂಬಂಧವಿಲ್ಲ ಎಂದು ಅವರು ವಿವರಣೆ ಕೊಡಬೇಕಾಯಿತು. ಯಾರಿಗೆ? ಈಮಾನಿನ ಗುತ್ತಿಗೆ ಹಿಡಿದವರಿಗೆ!

ಒಳಿತನ್ನು ಬೋಧಿಸುವುದು ಮುಸ್ಲಿಮನ ಕರ್ತವ್ಯವಲ್ಲವೇ ಎಂದು ಕೆಲವರು ವಾದಿಸುತ್ತಾರೆ. ಕರ್ತವ್ಯವೇ. ಆದರೆ ನಸೀಹತ್ತನ್ನು ಕಿವಿಯಲ್ಲಿ ಹೇಳಬೇಕು, ಸಂತೆಯಲ್ಲಿ ಅಲ್ಲ. ಸೂರಃ ಅನ್ನೂರ್‌ನಲ್ಲಿ ದೃಷ್ಟಿ ತಗ್ಗಿಸುವ ಆಜ್ಞೆ ಮೊದಲು ಬಂದಿರುವುದು ಗಂಡಸರಿಗೆ. ಪರರ ಪತ್ನಿಯ ಫೋಟೋವನ್ನು ದಿಟ್ಟಿಸಿ, ತೋಳಿನ ಉದ್ದವನ್ನು ಟೇಪು ಹಿಡಿದು ಅಳೆದು, ಆಮೇಲೆ ಹಯಾದ ಬಗ್ಗೆ ಭಾಷಣ ಬಿಗಿಯುವವರು ಈ ಆಜ್ಞೆಯನ್ನು ಓದಿಲ್ಲವೇ? ಸೂರಃ ಅಲ್ ಹುಜುರಾತ್ ಅಪಹಾಸ್ಯವನ್ನೂ ಗೂಢಚಾರಿಕೆಯನ್ನೂ ಗೀಬತ್ತನ್ನೂ ನಿಷೇಧಿಸಿದೆ. ಮೊಬೈಲಿಗೆ ಅದರಿಂದ ವಿನಾಯಿತಿ ಇದೆಯೆಂದು ಯಾವ ಆಲಿಮರೂ ಹೇಳಿಲ್ಲ.

2021ರ ಅಕ್ಟೋಬರ್ 24ರಂದು ದುಬೈಯಲ್ಲಿ ಭಾರತ ಪಾಕಿಸ್ತಾನದೆದುರು ಹತ್ತು ವಿಕೆಟ್‌ಗಳಿಂದ ಸೋತಿತು. ಹನ್ನೊಂದು ಮಂದಿ ಸೋತಿದ್ದರು, ದ್ರೋಹಿಯೆನಿಸಿಕೊಂಡದ್ದು ಶಮಿ ಒಬ್ಬರೇ. ಅವರ ಪರವಾಗಿ ನಿಂತ ನಾಯಕ ವಿರಾಟ್ ಕೊಹ್ಲಿಯ ಹಸುಗೂಸಿಗೂ ಬೆದರಿಕೆ ಬಂತು. ನಾವು ಕುದ್ದುಹೋದೆವು, ಕುದಿಯಬೇಕಾದದ್ದೇ. ಆದರೆ ಐದು ವರ್ಷಗಳ ಹಿಂದೆ ಅದೇ ಶಮಿಯ ಮನೆಯೊಳಕ್ಕೆ ಕಲ್ಲು ತೂರಿದ್ದ ಕೈಗಳು ನಮ್ಮವೂ ಆಗಿದ್ದವು ಎಂಬುದನ್ನು ಎಷ್ಟು ಮಂದಿ ನೆನೆದೆವು? ತಮ್ಮ ತಟ್ಟೆಯಲ್ಲಿ ಹೆಗ್ಗಣ ಸತ್ತು ಬಿದ್ದಿರುವಾಗ ಪರರ ತಟ್ಟೆಯ ನೊಣ ತೋರಿಸಿದರೆ ಯಾರು ನಂಬುತ್ತಾರೆ?

ಇದು ಒಂದು ಸಮುದಾಯದ ರೋಗವೇನಲ್ಲ. ಬೆಂಗಳೂರಿನ ಜಾವೆಲಿನ್ ಕೂಟಕ್ಕೆ ನೀರಜ್ ಚೋಪ್ರಾ ಪಾಕಿಸ್ತಾನದ ಅರ್ಷದ್ ನದೀಮ್‌ರನ್ನು ಕರೆದದ್ದು 2025ರ ಏಪ್ರಿಲ್‌ನಲ್ಲಿ, ಪಹಲ್ಗಾಮ್ ದಾಳಿಗೆ ಮೊದಲು. ದಾಳಿಯ ನಂತರ ದೇಶಕ್ಕೆ ಒಲಿಂಪಿಕ್ ಚಿನ್ನ ತಂದವರೇ ದೇಶಪ್ರೇಮದ ಪುರಾವೆ ಒದಗಿಸಬೇಕಾಯಿತು. ಅರ್ಷದ್ ಕೂಡ ನನ್ನ ಮಗನಂತೆ ಎಂದು 2024ರಲ್ಲಿ ಹೇಳಿ ಎಲ್ಲರಿಂದ ಹೊಗಳಿಸಿಕೊಂಡಿದ್ದ ನೀರಜ್‌ರ ತಾಯಿ, ಅದೇ ಮಾತಿಗಾಗಿ ಈಗ ಬೈಗುಳ ತಿಂದರು.

ಶಮಿ, ಕೈಫ್, ನೀರಜ್ ಹೆಸರು ಮಾಡಿದವರು. ಹೇಗೋ ತಡೆದುಕೊಂಡಾರು. ನಮ್ಮ ಚಿಂತೆ ಬೇರೆ. ನಮ್ಮ ಮೊಹಲ್ಲಾಗಳ ಹುಡುಗಿಯರೂ ಈಗ ಕಾಲೇಜು ತಂಡಗಳಲ್ಲಿ ಓಡುತ್ತಾರೆ, ಕಬಡ್ಡಿ ಆಡುತ್ತಾರೆ. ನಾಳೆ ಅವರಲ್ಲೊಬ್ಬಳು ಪದಕ ಕೊರಳಿಗೆ ಹಾಕಿಕೊಂಡ ಫೋಟೋವನ್ನು ಸಂಭ್ರಮದಿಂದ ಹಾಕಿದಾಗ ನಾವು ಅವಳ ಪದಕವನ್ನು ನೋಡುತ್ತೇವೆಯೇ, ಸ್ಕಾರ್ಫಿನ ಅಂಚನ್ನು ಅಳೆಯುತ್ತೇವೆಯೇ? ಆ ಕಡೆಯವರು ಅದೇ ಸ್ಕಾರ್ಫ್‌ಗಾಗಿ ಅವಳನ್ನು ಹೀಯಾಳಿಸಲು ಕಾದೇ ಇರುತ್ತಾರೆ. ಎರಡೂ ಕಡೆಯಿಂದ ಕಲ್ಲು ಬಿದ್ದರೆ ಹತ್ತೊಂಬತ್ತರ ಹುಡುಗಿ ಫೋಟೋ ಅಳಿಸುವುದಿಲ್ಲ, ಮೈದಾನವನ್ನೇ ಬಿಟ್ಟು ಮನೆ ಸೇರುತ್ತಾಳೆ.

ಆ ಕಡೆಯವರ ಕಲ್ಲನ್ನು ತಡೆಯುವುದು ನಮ್ಮ ಕೈಯಲ್ಲಿ ಪೂರ್ತಿ ಇಲ್ಲ. ನಮ್ಮ ಕೈಯ ಕಲ್ಲನ್ನು ಕೆಳಗಿಡುವುದಕ್ಕೆ ಯಾರ ಅಪ್ಪಣೆ ಬೇಕು?