ಮರೆಯಲಾಗದವರು

ಶಿಲ್ಪಿ ಕಡೆದ ವಿಗ್ರಹ ಶಿಲ್ಪಿಯ ಕಾಲಾನಂತರವೂ ನಿಲ್ಲುತ್ತದೆ. ಕವಿ ಬರೆದ ಕಾವ್ಯ ತಲೆಮಾರುಗಳನ್ನು ದಾಟುತ್ತದೆ. ಆದರೆ ಆಟಗಾರನ ಕೌಶಲವಾದರೋ ಅವನು ಆಡಿದ ಗಳಿಗೆಯೊಡನೆಯೇ ಮುಗಿದುಹೋಗುತ್ತದೆ. ಅಂಕಗಳ ಪುಸ್ತಕದಲ್ಲಿ ಉಳಿಯುವುದು ಕೆಲವು ಸಂಖ್ಯೆಗಳು ಮಾತ್ರ. ಆ ಸಂಖ್ಯೆಗಳಿಗೆ ಉಸಿರು ತುಂಬಿ, ಆಟಗಾರನಿಗೆ ಎರಡನೆಯ ಬಾಳನ್ನು ಕೊಡುವವರು ಆಟವನ್ನು ಕಂಡ ಜನ. ಆದುದರಿಂದ ಹಳೆಯ ಆಟಗಾರರನ್ನು ಕುರಿತು ಅಭಿಮಾನಿಗಳು ಆಡುವ ಮಾತು ಬರಿಯ ಕಾಲಹರಣವಲ್ಲ. ಅದು ಜನರೇ ಬರೆಯುವ ಒಂದು ಬಗೆಯ ಚರಿತ್ರೆ. ಚರಿತ್ರೆ ಎಂದ ಮೇಲೆ ಅದಕ್ಕೆ ಪ್ರೀತಿಯೊಂದೇ ಸಾಲದು, ನ್ಯಾಯವೂ ಬೇಕು.

ಈ ಮಾತನ್ನು ಪರೀಕ್ಷಿಸಿ ನೋಡಲು ಅಮೆರಿಕದ ಕೆಂಟಕಿ ರಾಜ್ಯಕ್ಕಿಂತ ತಕ್ಕ ಸ್ಥಳ ಬೇರೊಂದು ದೊರೆಯಲಾರದು. ಪೂರ್ವಭಾಗದಲ್ಲಿ ಕಲ್ಲಿದ್ದಲಿನ ಗಣಿಗಳಿರುವ ಬೆಟ್ಟಗಳು, ನಡುವೆ ಕುದುರೆಗಳನ್ನು ಸಾಕುವ ಹಸಿರು ಹುಲ್ಲುಗಾವಲುಗಳು. ಇಂಥ ನಾಡಿನ ಲೆಕ್ಸಿಂಗ್ಟನ್ ನಗರದಲ್ಲಿ ಕೆಂಟಕಿ ವಿಶ್ವವಿದ್ಯಾಲಯವಿದೆ. ಅದರ ಬ್ಯಾಸ್ಕೆಟ್‌ಬಾಲ್ ತಂಡ 1948ರಿಂದ 2012ರವರೆಗೆ ಎಂಟು ಬಾರಿ ರಾಷ್ಟ್ರೀಯ ಕಾಲೇಜು ಪಂದ್ಯಾವಳಿಯನ್ನು ಗೆದ್ದಿದೆ. 1976ರಲ್ಲಿ ಕೆಂಟಕಿ ಕರ್ನಲ್ಸ್ ಎಂಬ ವೃತ್ತಿಪರ ತಂಡ ಮುಚ್ಚಿಹೋದ ಮೇಲೆ ದೊಡ್ಡ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ತಂಡವೊಂದು ಆ ರಾಜ್ಯದಲ್ಲಿ ನೆಲೆಗೊಂಡಿಲ್ಲ. ಆದ್ದರಿಂದ ವಿದ್ಯಾರ್ಥಿಗಳ ತಂಡವೇ ರಾಜ್ಯದ ತಂಡವಾಯಿತು. ಹಾರ್ಲನ್ ಎಂಬ ಗಣಿ ಪ್ರದೇಶದಿಂದ ಬಂದ ಕಾವುಡ್ ಲೆಡ್‌ಫರ್ಡ್ 1953ರಿಂದ 1992ರವರೆಗೆ ಬಾನುಲಿಯಲ್ಲಿ ಆ ಪಂದ್ಯಗಳ ವೀಕ್ಷಕ ವಿವರಣೆ ನೀಡಿದರು. ಕ್ರೀಡಾಂಗಣವನ್ನು ಕಣ್ಣಾರೆ ಕಾಣದ ಹಳ್ಳಿಗರಿಗೂ ಆಟಗಾರರು ಮನೆಯ ಮಕ್ಕಳಾದುದು ಆ ಧ್ವನಿಯಿಂದ.

ಎಂಟು ಬಾರಿ ಗೆದ್ದ ಈ ತಂಡದ ಅಭಿಮಾನಿಗಳು ಅತ್ಯಂತ ಪ್ರೀತಿಯಿಂದ ನೆನೆಯುವ ಆಟಗಾರರಲ್ಲಿ ಪ್ರಶಸ್ತಿಯನ್ನೇ ಗೆಲ್ಲದ ನಾಲ್ವರಿದ್ದಾರೆ ಎಂಬುದು ಸೋಜಿಗದ ಸಂಗತಿ. ರಿಚಿ ಫಾರ್ಮರ್, ಡೆರಾನ್ ಫೆಲ್ಡ್‌ಹೌಸ್, ಜಾನ್ ಪೆಲ್ಫ್ರಿ ಮತ್ತು ಶಾನ್ ವುಡ್ಸ್ ಎಂಬ ಈ ನಾಲ್ವರನ್ನು ಜನರು ‘ಮರೆಯಲಾಗದವರು’ ಎಂದೇ ಕರೆಯುತ್ತಾರೆ. ಮೊದಲಿನ ಮೂವರು ಕೆಂಟಕಿಯ ಚಿಕ್ಕ ಊರುಗಳಿಂದ ಬಂದವರು. ವುಡ್ಸ್ ನೆರೆಯ ಇಂಡಿಯಾನಾ ರಾಜ್ಯದವನು.

ಅವರು ಈ ಹೆಸರನ್ನು ಪಡೆದ ಬಗೆ ಹೀಗಿದೆ. ಆಟಗಾರರನ್ನು ತಂಡಕ್ಕೆ ಸೇರಿಸಿಕೊಳ್ಳುವಲ್ಲಿ ನಡೆದ ಅಕ್ರಮಗಳಿಗಾಗಿ 1989ರಲ್ಲಿ ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಘವು ವಿಶ್ವವಿದ್ಯಾಲಯಕ್ಕೆ ಶಿಕ್ಷೆ ವಿಧಿಸಿತು. ಎರಡು ವರ್ಷ ತಂಡವು ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಭಾಗವಹಿಸುವಂತಿರಲಿಲ್ಲ. ತರಬೇತುದಾರರು ರಾಜೀನಾಮೆ ಕೊಟ್ಟರು. ಹಲವು ಆಟಗಾರರು ಬೇರೆ ವಿದ್ಯಾಲಯಗಳಿಗೆ ಹೊರಟುಹೋದರು. ಗೆದ್ದೆತ್ತಿನ ಬಾಲ ಹಿಡಿಯುವುದು ಲೋಕದ ರೂಢಿ. ಈ ನಾಲ್ವರಾದರೋ, ಸೋತು ಮುಖ ಬಾಡಿಸಿಕೊಂಡು ನಿಂತಿದ್ದ ತಂಡದಲ್ಲಿಯೇ ಉಳಿದರು. ಹೊಸ ತರಬೇತುದಾರ ರಿಕ್ ಪಿಟಿನೊ ಅವರನ್ನು ಕಠಿಣವಾಗಿ ದುಡಿಸಿದರು. ಶಿಕ್ಷೆಗೆ ಮೊದಲಿನ ಋತುವಿನಲ್ಲಿ 13 ಪಂದ್ಯಗಳನ್ನು ಗೆದ್ದು 19ರಲ್ಲಿ ಸೋತಿದ್ದ ತಂಡ, 1990–91ರಲ್ಲಿ 22 ಗೆದ್ದು ಕೇವಲ 6ರಲ್ಲಿ ಸೋತಿತು.

1992ರಲ್ಲಿ ನಿಷೇಧ ತೀರಿ ತಂಡವು ಮತ್ತೆ ರಾಷ್ಟ್ರೀಯ ಪಂದ್ಯಾವಳಿಯನ್ನು ಪ್ರವೇಶಿಸಿತು. ಮಾರ್ಚ್ 28ರಂದು ಫಿಲಡೆಲ್ಫಿಯಾದಲ್ಲಿ, ಹಿಂದಿನ ವರ್ಷ ಪ್ರಶಸ್ತಿ ಗೆದ್ದಿದ್ದ ಡ್ಯೂಕ್ ವಿಶ್ವವಿದ್ಯಾಲಯದೊಡನೆ ಅದರ ಪಂದ್ಯ ನಡೆಯಿತು. ನಿಗದಿತ ಅವಧಿ ಸಮಸಮನಾಗಿ ಮುಗಿದು ಹೆಚ್ಚುವರಿ ಅವಧಿ ಆರಂಭವಾಯಿತು. ತಂಡದ ಅತ್ಯಂತ ಪ್ರತಿಭಾವಂತ ಆಟಗಾರ ಜಮಾಲ್ ಮ್ಯಾಶ್‌ಬರ್ನ್ ನಿಯಮಭಂಗಗಳ ಮಿತಿ ಮೀರಿದ್ದರಿಂದ ಕಣವನ್ನು ಬಿಡಬೇಕಾಯಿತು. ಆಗ ವುಡ್ಸ್ ಎಸೆದ ಚೆಂಡು ಹಲಗೆಗೆ ತಾಕಿ ಬುಟ್ಟಿಗೆ ಬಿತ್ತು; ಕೆಂಟಕಿ 103, ಡ್ಯೂಕ್ 102. ಉಳಿದದ್ದು 2.1 ಸೆಕೆಂಡು ಮಾತ್ರ. ಡ್ಯೂಕ್ ತಂಡದ ಗ್ರಾಂಟ್ ಹಿಲ್ ಅಂಗಳದ ಒಂದು ತುದಿಯಿಂದ ದೂರಕ್ಕೆ ಚೆಂಡನ್ನು ಎಸೆದ. ಕ್ರಿಶ್ಚಿಯನ್ ಲೇಟ್ನರ್ ಅದನ್ನು ಹಿಡಿದು, ಒಮ್ಮೆ ನೆಲಕ್ಕೆ ಪುಟಿಸಿ, ತಿರುಗಿ ಬುಟ್ಟಿಗೆ ಎಸೆದ. ಚೆಂಡು ಗಾಳಿಯಲ್ಲಿದ್ದಾಗಲೇ ಕಾಲ ಮುಗಿಯಿತು. ಅದು ಬುಟ್ಟಿಯೊಳಗೆ ಬಿದ್ದಾಗ ಕೆಂಟಕಿ 103–104ರಿಂದ ಸೋತಿತ್ತು. ಲೇಟ್ನರನನ್ನು ತಡೆಯಲು ನಿಂತಿದ್ದವರು ಪೆಲ್ಫ್ರಿ ಮತ್ತು ಫೆಲ್ಡ್‌ಹೌಸ್.

ಸೋತವರನ್ನು ದೂರುವುದು ಜನಕ್ಕೆ ಸುಲಭವಾಗಿತ್ತು. ಎಸೆಯುವವನ ಮುಂದೆ ಒಬ್ಬನನ್ನೂ ಏಕೆ ನಿಲ್ಲಿಸಲಿಲ್ಲ, ಇಬ್ಬರಿದ್ದೂ ಒಬ್ಬನನ್ನು ಏಕೆ ತಡೆಯಲಿಲ್ಲ ಎಂಬ ಪ್ರಶ್ನೆಗಳಿಗೆ ಕೊನೆಯಿಲ್ಲ. ಆದರೆ ಆ ಸೋಲಿನ ಕೆಲವೇ ದಿನಗಳ ಬಳಿಕ ವಿಶ್ವವಿದ್ಯಾಲಯವು ನಾಲ್ವರ ಅಂಗಿಗಳನ್ನೂ ಗೌರವಾರ್ಥವಾಗಿ ರಪ್ ಕ್ರೀಡಾಂಗಣದ ಮೇಲ್ಭಾಗದಲ್ಲಿ ತೂಗುಹಾಕಿತು. ಅವರಲ್ಲಿ ಯಾರೂ ಮುಂದೆ ವೃತ್ತಿಪರ ಆಟದಲ್ಲಿ ದೊಡ್ಡ ಹೆಸರು ಮಾಡಲಿಲ್ಲ. ಆದರೂ ಜನ ಅವರನ್ನು ಮರೆತಿಲ್ಲ. ಗೆಲವಿಗಿಂತ ನಿಷ್ಠೆ ದೊಡ್ಡದು, ಫಲಕ್ಕಿಂತ ಪ್ರಯತ್ನ ಹಿರಿದು ಎಂಬ ತತ್ತ್ವವನ್ನು ಯಾವ ಉಪದೇಶವೂ ಇಲ್ಲದೆ ಜನರು ತಾವಾಗಿಯೇ ಒಪ್ಪಿಕೊಂಡರು. ಅಭಿಮಾನಿಗಳ ನೆನಪಿನ ಶ್ರೇಷ್ಠತೆ ಇರುವುದು ಇಲ್ಲಿ.

ಆದರೆ ನಾಣ್ಯಕ್ಕೆ ಇನ್ನೊಂದು ಮುಖವೂ ಉಂಟು. ಪ್ರೀತಿ ತನಗೆ ಹಿತವಾದುದನ್ನು ಮಾತ್ರ ಆರಿಸಿಕೊಳ್ಳುತ್ತದೆ. ನೋವಿನದನ್ನು ಮೂಲೆಗೆ ಸರಿಸುತ್ತದೆ. 1948ರಲ್ಲಿ ಅಲೆಕ್ಸ್ ಗ್ರೋಜಾ, ರಾಲ್ಫ್ ಬಿಯರ್ಡ್, ವಾಲೇಸ್ ಜೋನ್ಸ್, ಕ್ಲಿಫ್ ಬಾರ್ಕರ್, ಕೆನ್ನಿ ರಾಲಿನ್ಸ್ ಎಂಬ ಐವರು ಕೆಂಟಕಿಗೆ ಮೊದಲ ರಾಷ್ಟ್ರೀಯ ಪ್ರಶಸ್ತಿಯನ್ನು ತಂದರು; ಅದೇ ವರ್ಷ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವರ್ಣಪದಕವನ್ನು ಗೆದ್ದ ಅಮೆರಿಕ ತಂಡದಲ್ಲಿಯೂ ಆಡಿದರು. ಇವರಲ್ಲಿ ಬಾರ್ಕರ್ ಎರಡನೆಯ ಮಹಾಯುದ್ಧದಲ್ಲಿ ಜರ್ಮನರಿಗೆ ಸೆರೆಸಿಕ್ಕಿ, ಸೆರೆಶಿಬಿರದಲ್ಲಿ ವಾಲಿಬಾಲ್ ಚೆಂಡೊಂದರಿಂದ ಕೈಚಳಕವನ್ನು ಅಭ್ಯಾಸ ಮಾಡಿದವನು. ಅಭಿಮಾನಿಗಳು ಈ ಕಥೆಯನ್ನು ಹೆಮ್ಮೆಯಿಂದ ಹೇಳುತ್ತಾರೆ, ಹೇಳಬೇಕಾದುದೇ. ಆದರೆ 1951ರಲ್ಲಿ ಬಿಯರ್ಡ್ ಮತ್ತು ಗ್ರೋಜಾ, ವಿದ್ಯಾರ್ಥಿಗಳಾಗಿದ್ದಾಗ ಜೂಜುಕೋರರಿಂದ ಹಣ ಪಡೆದುದನ್ನು ಒಪ್ಪಿಕೊಂಡರು. ವೃತ್ತಿಪರ ಆಟದ ಬಾಗಿಲು ಅವರಿಗೆ ಶಾಶ್ವತವಾಗಿ ಮುಚ್ಚಿತು. 1952–53ರ ಋತುವಿನಲ್ಲಿ ಕೆಂಟಕಿ ತಂಡ ಒಂದು ಪಂದ್ಯವನ್ನೂ ಆಡಲಿಲ್ಲ.

ಹಾಗಾದರೆ ಅವರನ್ನು ಮರೆಯಬೇಕೇ? ಮರೆಯಬೇಕಾಗಿಲ್ಲ. ಅವರ ಆಟವೂ ನಿಜ, ತಪ್ಪೂ ನಿಜ. ಒಂದನ್ನು ಹೇಳಿ ಮತ್ತೊಂದನ್ನು ಮುಚ್ಚಿದರೆ ಉಳಿಯುವುದು ಗೊಂಬೆಯೇ ಹೊರತು ಮನುಷ್ಯನಲ್ಲ. ತಪ್ಪನ್ನು ಬಲ್ಲವನ ಪ್ರೀತಿ ತಪ್ಪನ್ನು ಅರಿಯದವನ ಪ್ರೀತಿಗಿಂತ ಗಟ್ಟಿಯಾದುದು. ಅದಕ್ಕೆ ಸತ್ಯ ಹೊರಬೀಳುವ ಭಯವಿರುವುದಿಲ್ಲ.

ನೆನಪಿನ ಇನ್ನೊಂದು ದೋಷವು ಇದಕ್ಕಿಂತ ಆಳವಾದುದು. ಆಡಿದವರನ್ನು ಜನ ನೆನೆಯುತ್ತಾರೆ. ಆಡಲು ಅವಕಾಶವೇ ದೊರೆಯದವರನ್ನು ನೆನೆಯುವವರು ಯಾರು? ತರಬೇತುದಾರ ಅಡಾಲ್ಫ್ ರಪ್ 1930ರಿಂದ 1972ರವರೆಗೆ ತಂಡವನ್ನು ನಡೆಸಿ 876 ಪಂದ್ಯಗಳನ್ನು ಗೆಲ್ಲಿಸಿದರು. ಆ ದೀರ್ಘಕಾಲದ ಬಹುಭಾಗದಲ್ಲಿ ತಂಡದಲ್ಲಿ ಕಪ್ಪು ಜನಾಂಗದ ಆಟಗಾರನೊಬ್ಬನೂ ಇರಲಿಲ್ಲ. ಅಂಥ ಮೊದಲ ಆಟಗಾರ ಟಾಮ್ ಪೇನ್ ಕಣಕ್ಕಿಳಿದದ್ದು 1970–71ರಲ್ಲಿ. 1966ರ ಅಂತಿಮ ಪಂದ್ಯದಲ್ಲಿ ಬಿಳಿಯರೇ ತುಂಬಿದ್ದ ಕೆಂಟಕಿ ತಂಡವು ಟೆಕ್ಸಾಸ್ ವೆಸ್ಟರ್ನ್ ಕಾಲೇಜನ್ನು ಎದುರಿಸಿತು. ತರಬೇತುದಾರ ಡಾನ್ ಹ್ಯಾಸ್ಕಿನ್ಸ್ ಐವರು ಕಪ್ಪು ಆಟಗಾರರನ್ನು ಮೊದಲಿಗೆ ಕಣಕ್ಕಿಳಿಸಿ 72–65ರಿಂದ ಗೆದ್ದರು. ಆ ವರ್ಷದ ಕೆಂಟಕಿ ತಂಡದಲ್ಲಿ ಎತ್ತರದ ಆಟಗಾರರಿರಲಿಲ್ಲ. ಅದರ ಚುರುಕನ್ನು, ಲೂಯಿ ಡ್ಯಾಂಪಿಯರ್ ಮತ್ತು ಪ್ಯಾಟ್ ರೈಲಿಯ ಚಾತುರ್ಯವನ್ನು ಅಭಿಮಾನಿಗಳು ಇಂದಿಗೂ ಕೊಂಡಾಡುತ್ತಾರೆ. ಅದೇ ಉಸಿರಿನಲ್ಲಿ ಬಾಬಿ ಜೋ ಹಿಲ್ ಮತ್ತು ಡೇವಿಡ್ ಲ್ಯಾಟಿನ್ ಅವರ ಹೆಸರನ್ನೂ ಹೇಳುವವನೇ ಆಟವನ್ನು ನಿಜವಾಗಿ ಪ್ರೀತಿಸುವವನು. ಎದುರಾಳಿಯನ್ನು ಕೈಬಿಟ್ಟ ನೆನಪು ಅರ್ಧ ಅಂಗಳದ ಆಟದಂತೆ.

ಇಂದಿನ ಕಾಲಕ್ಕೆ ಬಂದರೆ ಅಭಿಮಾನಿಗಳ ಬಾಯಲ್ಲಿ ಬೇರೊಂದು ದೂರು ಕೇಳಿಬರುತ್ತದೆ. ಈಗಿನ ಹುಡುಗರು ನಿಲ್ಲುವುದಿಲ್ಲ, ಬಂದು ಹೋಗುವ ಅತಿಥಿಗಳು ಎಂಬುದು ಅವರ ಕೊರಗು. 2012ರಲ್ಲಿ ಪ್ರಶಸ್ತಿ ಗೆದ್ದ ತಂಡದ ಆಂಥನಿ ಡೇವಿಸ್ ಒಂದೇ ವರ್ಷ ಆಡಿ ವೃತ್ತಿಪರನಾದನು. 2021ರಿಂದ ವಿದ್ಯಾರ್ಥಿ ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದಾಗಿದೆ. ಒಂದು ವಿದ್ಯಾಲಯದಿಂದ ಇನ್ನೊಂದಕ್ಕೆ ಹೋಗುವುದೂ ಸುಲಭವಾಗಿದೆ. ನಾಲ್ಕು ವರ್ಷ ಒಂದೇ ಅಂಗಿ ತೊಟ್ಟವರ ಕಾಲ ಮುಗಿಯಿತೆಂಬ ದುಃಖ ಅರ್ಥವಾಗುವಂಥದೇ. ಆದರೆ ದಶಕಗಳ ಕಾಲ ವಿದ್ಯಾಲಯಗಳು, ತರಬೇತುದಾರರು, ದೂರದರ್ಶನ ಸಂಸ್ಥೆಗಳು ಯಾರ ಬೆವರಿನಿಂದ ಸಂಪಾದಿಸಿದರೋ ಅವರು ತಮ್ಮ ಪಾಲನ್ನು ಕೇಳಿದರೆ ಅದನ್ನು ದ್ರೋಹವೆನ್ನುವುದು ನ್ಯಾಯವಲ್ಲ. ಹಾಗೆಯೇ 1989ರಲ್ಲಿ ಹೊರಟುಹೋದ ಹುಡುಗರನ್ನು ಹಳಿಯುವುದರಿಂದ ಉಳಿದವರ ಹಿರಿಮೆ ಹೆಚ್ಚುವುದಿಲ್ಲ. ನಿಷ್ಠೆ ಕಾಣಿಕೆಯೇ ಹೊರತು ಕಂದಾಯವಲ್ಲ. ಕೊಟ್ಟವನಿಗೆ ಕೃತಜ್ಞರಾಗಬಹುದು; ಕೊಡದವನಿಂದ ವಸೂಲು ಮಾಡಲಾಗದು.

ಅಭಿಮಾನವು ಮನುಷ್ಯನಿಗೆ ಸಹಜವಾದುದು. ಅದಿಲ್ಲದಿದ್ದರೆ ಆಟವು ಬರಿಯ ಕಸರತ್ತಾಗುತ್ತಿತ್ತು. ಆದರೆ ಅಭಿಮಾನಕ್ಕೆ ವಿವೇಕ ಜೊತೆಗೂಡಬೇಕು. ಹಿರಿಯರು ಕಿರಿಯರಿಗೆ ಗೆಲವುಗಳ ಪಟ್ಟಿಯನ್ನು ಮಾತ್ರ ಒಪ್ಪಿಸಿದರೆ ಕಿರಿಯರು ಗರ್ವವನ್ನಷ್ಟೇ ಕಲಿಯುತ್ತಾರೆ. ಕಷ್ಟದಲ್ಲಿ ಉಳಿದ ನಾಲ್ವರ ಕಥೆಯೊಡನೆ, ಆಮಿಷಕ್ಕೆ ಬಿದ್ದ ಇಬ್ಬರ ಕಥೆಯನ್ನೂ, ಬಾಗಿಲ ಹೊರಗೆ ನಿಂತವರ ಕಥೆಯನ್ನೂ ಹೇಳಿದರೆ ಆಗ ಅವರು ಬದುಕನ್ನೂ ಕಲಿಯುತ್ತಾರೆ. ರಪ್ ಕ್ರೀಡಾಂಗಣದಲ್ಲಿ 1992ರ ನಾಲ್ವರ ಅಂಗಿಗಳಿವೆ. 1948ರ ಐವರ ಅಂಗಿಗಳೂ ಅಲ್ಲಿಯೇ ಇವೆ. ತಲೆಯೆತ್ತಿ ನೋಡುವ ಬಾಲಕನು ‘ಇವರು ಯಾರು?’ ಎಂದು ಕೇಳಿದಾಗ, ಪಕ್ಕದಲ್ಲಿ ಕುಳಿತ ಹಿರಿಯನು ಪೂರ್ತಿಯಾಗಿ ಉತ್ತರಿಸಬೇಕು. ಅವರು ಮರೆಯಲಾಗದವರಾಗಿ ಉಳಿಯುವುದು ಆ ಉತ್ತರದಿಂದಲೇ.