ಸಂತನ ಹೆಸರು, ಸಂತೆಯ ಹಬ್ಬ

ಫೆಬ್ರವರಿ 14 ಸಮೀಪಿಸಿತೆಂದರೆ ಎರಡು ಬಗೆಯ ಪ್ರಶ್ನೆಗಳು ನಮ್ಮ ಧರ್ಮಕೇಂದ್ರಗಳ ಬಾಗಿಲಿಗೆ ಬರುವುದು ವಾಡಿಕೆ. ಅನ್ಯಧರ್ಮೀಯ ಮಿತ್ರರು ‘ಇದು ನಿಮ್ಮವರ ಹಬ್ಬವಲ್ಲವೆ?’ ಎಂದು ಕೇಳುತ್ತಾರೆ. ನಮ್ಮದೇ ಮನೆಗಳ ತಾಯ್ತಂದೆಯರು ‘ಸಂತರ ಹೆಸರಿನಲ್ಲಿ ಇದೆಂತಹ ಅನಾಚಾರ?’ ಎಂದು ನಿಟ್ಟುಸಿರಿಡುತ್ತಾರೆ. ಎರಡೂ ಪ್ರಶ್ನೆಗಳ ತಳದಲ್ಲಿರುವ ಗ್ರಹಿಕೆ ಒಂದೇ: ಪ್ರೇಮಿಗಳ ದಿನವನ್ನು ಧರ್ಮಸಭೆಯೇ ಹುಟ್ಟುಹಾಕಿತು ಎಂಬುದು. ಚರಿತ್ರೆ ಹೇಳುವುದು ಬೇರೆ.

ಸಂತ ವ್ಯಾಲೆಂಟೈನರು ಮೂರನೆಯ ಶತಮಾನದ ರಕ್ತಸಾಕ್ಷಿ. ಅವರು ರೋಮಿನ ಒಬ್ಬ ಗುರುವೆಂದು ಒಂದು ಪರಂಪರೆ, ತೆರ್ನಿ ಪಟ್ಟಣದ ಧರ್ಮಾಧ್ಯಕ್ಷರೆಂದು ಇನ್ನೊಂದು. ಇವರು ಇಬ್ಬರೋ ಒಬ್ಬರೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕ್ಲಾಡಿಯಸ್ ಚಕ್ರವರ್ತಿಯು ಸೈನಿಕರಿಗೆ ವಿವಾಹವನ್ನು ನಿಷೇಧಿಸಿದನೆಂದೂ, ಸಂತರು ಗುಟ್ಟಾಗಿ ಮದುವೆ ಮಾಡಿಸಿ ಪ್ರಾಣ ತೆತ್ತರೆಂದೂ ಹೇಳುವ ಕಥೆ ಈಗ ಪ್ರತಿವರ್ಷವೂ ಪತ್ರಿಕೆಗಳಲ್ಲಿ ಅಚ್ಚಾಗುತ್ತದೆ. ಪ್ರಾಚೀನ ಚರಿತೆಗಳಲ್ಲಿ ಅದರ ಸುಳಿವೇ ಇಲ್ಲ. ಅಲ್ಲಿರುವುದು ಕುರುಡಿಯೊಬ್ಬಳಿಗೆ ದೃಷ್ಟಿ ಮರಳಿಸಿದ ಪವಾಡ ಮತ್ತು ವಿಶ್ವಾಸಕ್ಕಾಗಿ ಶಿರಚ್ಛೇದ. 1969ರಲ್ಲಿ ಆರನೆಯ ಪೌಲರು ಆರಾಧನಾ ಪಂಚಾಂಗವನ್ನು ಪರಿಷ್ಕರಿಸಿದಾಗ, ಅವರ ಬಗ್ಗೆ ಖಚಿತವಾಗಿ ತಿಳಿದಿರುವುದು ತೀರ ಅಲ್ಪವೆಂಬ ಕಾರಣದಿಂದ, ಸಾರ್ವತ್ರಿಕ ಪಂಚಾಂಗದಿಂದ ಈ ಸ್ಮರಣೆಯನ್ನು ಕೈಬಿಡಲಾಯಿತು. ರಕ್ತಸಾಕ್ಷಿಗಳ ಪಟ್ಟಿಯಲ್ಲಿ ಅವರ ಹೆಸರು ಉಳಿದಿದೆ. ಆದರೆ ಆ ದಿನದ ಬಲಿಪೂಜೆಯಲ್ಲಿ ನಾವು ಸ್ಮರಿಸುವುದು ಸಂತ ಸಿರಿಲ್ ಮತ್ತು ಮೆಥೋಡಿಯಸರನ್ನು.

ಹಾಗಾದರೆ ಪ್ರೇಮ ಇಲ್ಲಿಗೆ ಬಂದುದು ಎಲ್ಲಿಂದ? ನಮಗೆ ದೊರೆತಿರುವ ಮಟ್ಟಿಗೆ, ಗುಡಿಯಿಂದಲ್ಲ, ಕವಿಯಿಂದ. 14ನೆಯ ಶತಮಾನದ ಇಂಗ್ಲಿಷ್ ಕವಿ ಜೆಫ್ರಿ ಚಾಸರ್ ‘ಪಾರ್ಲಿಮೆಂಟ್ ಆಫ್ ಫೌಲ್ಸ್’ ಎಂಬ ಕಾವ್ಯದಲ್ಲಿ, ವ್ಯಾಲೆಂಟೈನರ ದಿನದಂದು ಹಕ್ಕಿಗಳೆಲ್ಲ ಸಭೆ ಸೇರಿ ತಮ್ಮ ಜೊತೆಗಾರರನ್ನು ಆರಿಸಿಕೊಳ್ಳುವುದನ್ನು ವರ್ಣಿಸಿದ. ಆ ಕಾವ್ಯದ ಒಂದು ಪ್ರಸಂಗ ಗಮನಾರ್ಹ. ಒಂದು ಹೆಣ್ಣು ಹದ್ದನ್ನು ಮೂರು ಗಂಡು ಹದ್ದುಗಳು ವರಿಸಬಯಸುತ್ತವೆ. ಅಧ್ಯಕ್ಷತೆ ವಹಿಸಿದ ಪ್ರಕೃತಿಮಾತೆ ತೀರ್ಮಾನವನ್ನು ಆ ಹೆಣ್ಣಿಗೇ ಬಿಡುತ್ತಾಳೆ. ಹೆಣ್ಣು ಹದ್ದು ಯೋಚಿಸಲು ಒಂದು ವರ್ಷದ ಕಾಲಾವಕಾಶ ಬೇಡುತ್ತದೆ, ಅದು ದೊರೆಯುತ್ತದೆ. ಇಂದಿನ ಅವಸರದ ಪ್ರೇಮಿಗಳಿಗೂ, ಅವಸರದ ತಾಯ್ತಂದೆಯರಿಗೂ ಈ ಹಕ್ಕಿಯ ಪರಿಚಯವಿದ್ದರೆ ಒಳಿತಿತ್ತು.

1477ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದ ಮಾರ್ಜರಿ ಬ್ರೂಸ್ ಎಂಬ ಯುವತಿ ತಾನು ವರಿಸಲಿದ್ದ ಜಾನ್ ಪಾಸ್ಟನ್‌ನನ್ನು ‘ವ್ಯಾಲೆಂಟೈನ್’ ಎಂದು ಸಂಬೋಧಿಸಿ ಪತ್ರ ಬರೆದಳು. ಇಂಗ್ಲಿಷ್ ಭಾಷೆಯಲ್ಲಿ ಉಳಿದುಬಂದಿರುವ ಇಂತಹ ಪತ್ರಗಳಲ್ಲಿ ಇದೇ ಅತ್ಯಂತ ಹಳೆಯದೆಂದು ಪರಿಗಣಿತವಾಗಿದೆ. ಪತ್ರದ ವಿಷಯವೇನು? ವರದಕ್ಷಿಣೆ. ತಾಯಿ ಎಷ್ಟು ಕೇಳಿಕೊಂಡರೂ ತಂದೆ ಹೆಚ್ಚಿನ ಹಣ ಕೊಡಲೊಪ್ಪುತ್ತಿಲ್ಲ. ನಿನಗೆ ನನ್ನ ಮೇಲೆ ನಿಜವಾದ ಪ್ರೀತಿಯಿದ್ದರೆ ಆ ಕಾರಣಕ್ಕಾಗಿ ನನ್ನನ್ನು ತೊರೆಯಲಾರೆ ಎಂಬುದು ಅವಳ ಅಳಲಿನ ಸಾರ. ಅವರ ಮದುವೆ ಆಯಿತು. ವರದಕ್ಷಿಣೆಯ ಮಾತುಕತೆಯಲ್ಲಿ ಮುರಿದುಬಿದ್ದ ಸಂಬಂಧಗಳನ್ನು ಕಂಡವರಿಗೆ ಈ 15ನೆಯ ಶತಮಾನದ ಹೆಣ್ಣುಮಗಳು ಅಪರಿಚಿತಳೆನಿಸಲಾರಳು.

ಆಮೇಲಿನದು ಬಹುಮಟ್ಟಿಗೆ ವ್ಯಾಪಾರದ ಚರಿತ್ರೆ. 1840ರಲ್ಲಿ ಬ್ರಿಟನ್ನಿನಲ್ಲಿ ಒಂದು ಪೆನ್ನಿಯ ಅಂಚೆ ಬಂತು. ಶುಭಾಶಯ ಪತ್ರಗಳು ಅಗ್ಗವಾದವು. ಅದೇ ದಶಕದಲ್ಲಿ ಅಮೆರಿಕದ ಎಸ್ತರ್ ಹೌಲೆಂಡ್ ಎಂಬಾಕೆ ಕಸೂತಿಪಟ್ಟಿಯ ಕಾರ್ಡುಗಳನ್ನು ತಯಾರಿಸಿ ದೊಡ್ಡ ಉದ್ಯಮವನ್ನೇ ಕಟ್ಟಿದಳು. ನಮ್ಮಲ್ಲಿಯೂ ಬೆಂಗಳೂರು ಸುತ್ತಮುತ್ತಲ ಹಸಿರುಮನೆಗಳ ಕೆಂಗುಲಾಬಿ ಈ ಹಬ್ಬಕ್ಕೆಂದೇ ವಿದೇಶಗಳಿಗೆ ವಿಮಾನವೇರುತ್ತದೆ. ಹಬ್ಬವನ್ನು ಹಳಿಯುವವರ ಊರಿನ ರೈತನಿಗೂ ಅದರಿಂದ ನಾಲ್ಕು ಕಾಸು ದೊರೆಯುವುದುಂಟು.

ಹೀಗೆ ಕವಿ ಕಟ್ಟಿ, ವರ್ತಕ ಬೆಳೆಸಿದ ದಿನವನ್ನು ‘ಕ್ರೈಸ್ತರ ಹಬ್ಬ’ವೆಂದು ಕರೆದು ದೊಣ್ಣೆ ಹಿಡಿಯುವುದು ಅಜ್ಞಾನ. 2009ರ ಜನವರಿ 24ರಂದು ಮಂಗಳೂರಿನ ಪಬ್ ಒಂದರಲ್ಲಿ ಯುವತಿಯರನ್ನು ಥಳಿಸಲಾಯಿತು; ಬಳಿಕ ಫೆಬ್ರವರಿ 14ರಂದು ಜೊತೆಯಾಗಿ ಕಂಡವರಿಗೆ ಮದುವೆ ಮಾಡಿಸುವುದಾಗಿ ಬೆದರಿಕೆಯೂ ಬಂತು. ಹಲ್ಲೆಯ ಆರೋಪಿಗಳನ್ನು 2018ರಲ್ಲಿ ಸಾಕ್ಷ್ಯದ ಕೊರತೆಯಿಂದ ನ್ಯಾಯಾಲಯ ಖುಲಾಸೆಗೊಳಿಸಿತು. 2023ರಲ್ಲಿ ಕೇಂದ್ರದ ಪ್ರಾಣಿ ಕಲ್ಯಾಣ ಮಂಡಳಿಯು ಆ ದಿನ ಗೋವನ್ನು ಅಪ್ಪಿಕೊಳ್ಳುವಂತೆ ಕರೆಯಿತ್ತು, ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು.

ನನ್ನನ್ನು ಹೆಚ್ಚು ಚಿಂತೆಗೀಡುಮಾಡುವುದು ಬೇರೆಯೇ ಒಂದು ಸಂಗತಿ. ದೊಣ್ಣೆ ಹಿಡಿದವರನ್ನು ಖಂಡಿಸುತ್ತಲೇ ‘ಹುಡುಗ ಹುಡುಗಿಯರಿಗೆ ಬುದ್ಧಿ ಬರಲಿ ಬಿಡಿ’ ಎಂದು ಒಳಗೊಳಗೆ ಸಮಾಧಾನಪಡುವ ಕಥೋಲಿಕ ಕುಟುಂಬಗಳು ನಮ್ಮಲ್ಲಿವೆ. ಬೆದರಿಸಿ ಮಾಡಿಸುವ ಮದುವೆಯಾಗಲಿ, ಬೆದರಿಸಿ ತಪ್ಪಿಸುವ ಮದುವೆಯಾಗಲಿ, ಎರಡೂ ಧರ್ಮಸಭೆಯ ಬೋಧನೆಗೆ ಹೊರಗು. ಭೀತಿಯಿಂದ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. 1563ರಲ್ಲಿ ಟ್ರೆಂಟ್ ಮಹಾಸಭೆ ವಿವಾಹದ ಕುರಿತು ಚರ್ಚಿಸಿದಾಗ, ಹೆತ್ತವರ ಸಮ್ಮತಿಯಿಲ್ಲದ ವಿವಾಹವನ್ನು ಅಸಿಂಧುಗೊಳಿಸಬೇಕೆಂದು ಫ್ರಾನ್ಸಿನ ದೊರೆಯ ಪ್ರತಿನಿಧಿಗಳು ಒತ್ತಾಯಿಸಿದರು. ಮಹಾಸಭೆ ಗುಟ್ಟಿನ ಮದುವೆಗಳನ್ನು ತಡೆಯಲು ಗುರು ಹಾಗೂ ಸಾಕ್ಷಿಗಳ ಸಮಕ್ಷಮವನ್ನು ಕಡ್ಡಾಯಗೊಳಿಸಿತು. ಆದರೆ ಹೆತ್ತವರ ಸಮ್ಮತಿಯನ್ನು ಸಿಂಧುತ್ವದ ಷರತ್ತಾಗಿಸಲು ನಿರಾಕರಿಸಿತು. 1983ರ ಧರ್ಮಸಭಾ ಸಂಹಿತೆಯ 1057ನೆಯ ವಿಧಿಯೂ ಅದನ್ನೇ ಸಾರುತ್ತದೆ: ವಿವಾಹವನ್ನು ಉಂಟುಮಾಡುವುದು ವಧೂವರರ ಸಮ್ಮತಿ, ಅವರ ಪರವಾಗಿ ಅದನ್ನು ಕೊಡುವ ಅಧಿಕಾರ ಯಾವ ಮಾನವಶಕ್ತಿಗೂ ಇಲ್ಲ.

ಹಿರಿಯರ ವಿವೇಕಕ್ಕೆ ಇದರಿಂದ ಬೆಲೆ ಕಡಿಮೆಯಾಗುವುದಿಲ್ಲ. ಸಲಹೆ ನೀಡುವುದು ಅವರ ಹಕ್ಕು, ಕರ್ತವ್ಯವೂ ಹೌದು. ಆದರೆ ಮನೆಯಲ್ಲಿ ಪ್ರೀತಿಯ ವಿಷಯವನ್ನು ಎತ್ತಲೂ ಅವಕಾಶವಿಲ್ಲದ ಮಕ್ಕಳು ಅದನ್ನು ಮೊಬೈಲಿನಿಂದಲೂ ಸಿನೆಮಾದಿಂದಲೂ ಕಲಿಯುತ್ತಾರೆ. ಫೆಬ್ರವರಿ 14ರಂದು ಗುಲಾಬಿ ಕೊಂಡರೆ ಪ್ರೀತಿಯ ಋಣ ತೀರಿತೆಂದು ನಂಬುತ್ತಾರೆ. ಅವರನ್ನು ಕೂರಿಸಿಕೊಂಡು ಮಾತನಾಡಬೇಕಾದವರು ನಾವೇ, ಗುರುಗಳೂ ಹೆತ್ತವರೂ.

ವಿವಾಹ ಪ್ರಕಟಣೆಗಳನ್ನು ಓದುವುದಕ್ಕೆ ಮುನ್ನ ವಿಚಾರಣಾ ಗುರುಗಳು ವಧುವನ್ನೂ ವರನನ್ನೂ ಪ್ರತ್ಯೇಕವಾಗಿ ಕರೆದು, ಯಾರಾದರೂ ಬಲವಂತ ಮಾಡಿರುವರೇ ಎಂದು ಕೇಳಿ ಉತ್ತರವನ್ನು ಬರೆದಿಟ್ಟುಕೊಳ್ಳುತ್ತಾರೆ. ‘ಅವಳಿಗೆ ನಾಚಿಕೆ, ಉತ್ತರ ನಾವೇ ಹೇಳುತ್ತೇವೆ ಫಾದರ್’ ಎಂದು ಜೊತೆಗೆ ಒಳಬರಲು ಹವಣಿಸುವ ತಂದೆತಾಯಿಗಳು ಈಗಲೂ ಇದ್ದಾರೆ. ಅಷ್ಟು ಹೊತ್ತು ಅವರು ಹೊರಗೆ ಜಗಲಿಯಲ್ಲಿ ಕುಳಿತಿರಬೇಕು.